ಏಜೆಂಟರು ನಾಲ್ವರು, ಸಹಿ ಮಾತ್ರ ನಮ್ಮದು

"ಈಗ ನಾಲ್ಕು ಜನ ಏಜೆಂಟರನ್ನ ಇಟ್ಕೊಂಡಿದ್ದೀವಿ ಅಮ್ಮ, ಕೆಲಸ ಬೇಗ ಮುಗಿಯುತ್ತೆ" ಎಂದು ನಮ್ಮಲ್ಲಿ ಒಬ್ಬರು ಫೋನಿನಲ್ಲಿ ಹೇಳಿದ್ದೇ ತಡ, ದಾವಣಗೆರೆಯಲ್ಲಿದ್ದ ಅಮ್ಮನ ದನಿ ಬದಲಾಯಿತು. "ಮತ್ತೆ ಏಜೆಂಟ್ರ ಸಹವಾಸ ಯಾಕೋ ಮಾಡ್ದೆ? ದುಡ್ಡು ಗಿಡ್ಡು ಕೊಟ್ಟುಬಿಟ್ಟಿಯಾ? ಅವರನ್ನ ನಂಬಬಹುದೇನೋ?"

ಅಮ್ಮನ ಭಯ ತಪ್ಪಲ್ಲ. ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿದ ಮನೆಗಳಲ್ಲಿ ಏಜೆಂಟ್ ಎಂದರೆ ವೀಸಾ ಮಾಡಿಸಿಕೊಡುತ್ತೇನೆಂದು ಮುಂಗಡ ಪಡೆದು ಆಮೇಲೆ ಫೋನ್ ಎತ್ತದವನು ಎಂದೇ ಅರ್ಥ. ನಾವು ಹೇಳುತ್ತಿರುವ ಏಜೆಂಟರು ಬೇರೆ. ಇವರಿಗೆ ಪಾಸ್‌ಪೋರ್ಟ್ ಇಲ್ಲ, ಊಟ ನಿದ್ದೆ ಬೇಡ. ಲ್ಯಾಪ್‌ಟಾಪಿನ ಕಪ್ಪು ಪರದೆಯೊಳಗೆ ಕುಳಿತು ನಮಗಾಗಿ ಪ್ರೋಗ್ರಾಂ ಬರೆಯುವ ಕೃತಕ ಬುದ್ಧಿಮತ್ತೆಯ ಸಹಾಯಕರು ಇವರು. ಆದರೆ ಅಮ್ಮ ಕೇಳಿದ ಕೊನೆಯ ಪ್ರಶ್ನೆ ಮಾತ್ರ ಇವರಿಗೂ ಸಲ್ಲುತ್ತದೆ. ಅದಕ್ಕೆ ಉತ್ತರ ಹುಡುಕುತ್ತಾ ನಾವು ಒಂದು ತಿಂಗಳು ನಿದ್ದೆಗೆಟ್ಟೆವು. ತಿಂಗಳ ಮೂರನೇ ವಾರ ನಾವು ಫೋನ್ ಯಾಕೆ ಎತ್ತುವುದಿಲ್ಲ ಎಂದು ಊರಲ್ಲಿ ಬೇಸರ ಮಾಡಿಕೊಳ್ಳುವ ಮನೆಯವರಿಗೂ ಇದು ತಿಳಿದಿರಲಿ ಎಂದು ಬರೆಯುತ್ತಿದ್ದೇವೆ.

ನ್ಗಾರಾದ ಮೂವರು

ನಾವು ಮೂವರು ಅಕೌಂಟೆಂಟರು. ಒಬ್ಬರ ಊರು ದಾವಣಗೆರೆ, ಒಬ್ಬರದು ಉಡುಪಿ, ಇನ್ನೊಬ್ಬರದು ಬೆಳಗಾವಿ. ಮೂವರೂ ಬಿ.ಕಾಂ. ಮುಗಿಸಿ ಸಿ.ಎ. ಮಾಡಿದವರು, ನಲವತ್ತು ದಾಟಿದವರು. ಮನೆ ನೈರೋಬಿಯ ನ್ಗಾರಾದಲ್ಲಿ. ಪೇಟೆಯ ಉತ್ತರಕ್ಕೆ, ಹೊಳೆ ದಾಟಿದರೆ ಸಿಗುವ ಬಡಾವಣೆ ಇದು. 1899ರಲ್ಲಿ ರೈಲು ಹಳಿ ಇಲ್ಲಿಯವರೆಗೆ ಬಂದ ಮೇಲೆ ಬೆಳೆದ ಊರು ನೈರೋಬಿ. ಬ್ರಿಟಿಷರ ಕಾಲದಲ್ಲಿ ಭಾರತೀಯರು ಇರಬೇಕಾದ ಜಾಗಗಳೇ ಬೇರೆ ಇದ್ದವು, ನ್ಗಾರಾ ಅವುಗಳಲ್ಲಿ ಒಂದು. ಆ ಕಾಲದ ಕಲ್ಲಿನ ಮನೆಗಳು ಈಗಲೂ ಅಲ್ಲಲ್ಲಿ ಉಳಿದಿವೆ. ಅವುಗಳ ಪಕ್ಕದಲ್ಲೇ ಎತ್ತರದ ಫ್ಲ್ಯಾಟುಗಳು, ಕೆಳಗೆ ಬಟ್ಟೆ, ಚಪ್ಪಲಿ, ಮೊಬೈಲ್ ಅಂಗಡಿಗಳು, ರಸ್ತೆ ತುಂಬ ಹಾರ್ನ್ ಹೊಡೆಯುವ ಮಟಾಟು ವ್ಯಾನುಗಳು.

ಪರಕೀಯ ಅನ್ನಿಸದ ಸಂಗತಿಗಳೂ ಇಲ್ಲಿ ಬೇಕಾದಷ್ಟಿವೆ. ನಮ್ಮ ರಾಗಿಗೆ ಇಲ್ಲಿ 'ವಿಂಬಿ' ಎನ್ನುತ್ತಾರೆ, ಅದರ ಅಂಬಲಿಗೆ 'ಉಜಿ'. ಸ್ವಾಹಿಲಿಯಲ್ಲಿ ಲೆಕ್ಕಕ್ಕೆ 'ಹೆಸಾಬು', ಅಂಗಡಿಗೆ 'ದುಕಾ', ಹಣಕ್ಕೆ 'ಪೇಸಾ'. ಬೆಳಗಾವಿಯವರಿಗೆ ಇದನ್ನು ಯಾರೂ ಅನುವಾದಿಸಿ ಹೇಳಬೇಕಾಗಿ ಬರಲಿಲ್ಲ. 2017ರಲ್ಲಿ ಕೆನ್ಯಾ ಸರ್ಕಾರ ಇಲ್ಲಿನ ಏಷ್ಯನ್ ಮೂಲದವರನ್ನು ದೇಶದ 44ನೇ ಬುಡಕಟ್ಟು ಎಂದು ಮಾನ್ಯ ಮಾಡಿತು. ಅದು ತಲೆಮಾರುಗಳಿಂದ ಇಲ್ಲಿಯೇ ನೆಲೆಸಿ ಪೌರರಾದವರಿಗೆ. ನಮ್ಮಂಥವರು ಇರುವುದು ಕೆಲಸದ ಪರ್ಮಿಟ್ ಮೇಲೆ. ಅವಧಿ ಮುಗಿಯುವ ಮುಂಚೆ ನವೀಕರಿಸಬೇಕು, ಈ ಕೆಲಸಕ್ಕೆ ಇವರೇ ಯಾಕೆ ಬೇಕು ಎಂದು ಕಂಪನಿ ಸರ್ಕಾರಕ್ಕೆ ತೋರಿಸಬೇಕು. ಈ ಮಾತು ಮುಂದೆ ಮತ್ತೆ ಬರುತ್ತದೆ.

20ನೇ ತಾರೀಕಿನ ತಾಳೆ

ನಾವು ದುಡಿಯುವುದು ಕಟ್ಟಡ ಸಾಮಾನುಗಳ ಒಂದು ಸಗಟು ವ್ಯಾಪಾರದ ಕಂಪನಿಯಲ್ಲಿ. ಊರಿನಲ್ಲಿ ಜಿಎಸ್‌ಟಿ ಇದ್ದ ಹಾಗೆ ಇಲ್ಲಿ ವ್ಯಾಟ್, ಸಾಮಾನ್ಯ ದರ ಶೇ 16. ಪ್ರತಿ ತಿಂಗಳ ವ್ಯಾಟ್ ಲೆಕ್ಕವನ್ನು ಮುಂದಿನ ತಿಂಗಳ 20ರೊಳಗೆ ಸಲ್ಲಿಸಬೇಕು. ನಾವು ಸಾಮಾನು ಕೊಂಡಾಗ ಕೊಟ್ಟ ವ್ಯಾಟನ್ನು, ಮಾರಿದಾಗ ವಸೂಲು ಮಾಡಿದ ವ್ಯಾಟಿನಿಂದ ಕಳೆದು ಉಳಿದದ್ದನ್ನು ಕಟ್ಟಬೇಕು.

ಹಿಂದೆ ಕಾಗದದ ಬಿಲ್ಲು ಇದ್ದರೆ ನಡೆಯುತ್ತಿತ್ತು. 2023ರಲ್ಲಿ ಕೆನ್ಯಾ ರೆವೆನ್ಯೂ ಅಥಾರಿಟಿ 'ಇ-ಟಿಮ್ಸ್' ಎಂಬ ವ್ಯವಸ್ಥೆ ತಂದಿತು. ಮಾರಿದವರು ಬಿಲ್ಲು ಮಾಡಿದ ಕೂಡಲೇ ಅದರ ವಿವರ ತೆರಿಗೆ ಇಲಾಖೆಯ ಕಂಪ್ಯೂಟರಿಗೆ ಹೋಗಬೇಕು. 2024ರ ಜನವರಿ 1ರಿಂದ, ಕೆಲವು ವಿನಾಯಿತಿ ಬಿಟ್ಟರೆ, ಇ-ಟಿಮ್ಸ್ ಬಿಲ್ಲು ಇಲ್ಲದ ಖರ್ಚನ್ನು ಆದಾಯ ತೆರಿಗೆಯಲ್ಲೂ ಖರ್ಚು ಎಂದು ಒಪ್ಪುವುದಿಲ್ಲ. ಅಂದರೆ ನಮ್ಮ ಬಳಿ ಬಿಲ್ಲು ಇದ್ದರೆ ಸಾಲದು, ಅದೇ ಬಿಲ್ಲು ಇಲಾಖೆಯ ಪಟ್ಟಿಯಲ್ಲೂ ಇರಬೇಕು.

ಇನ್ನು ಹಣ ಓಡಾಡುವುದು ಬ್ಯಾಂಕಿಗಿಂತ ಹೆಚ್ಚಾಗಿ ಎಂ-ಪೇಸಾದಲ್ಲಿ. ನಮ್ಮಲ್ಲಿ ಯುಪಿಐ ಬರುವ ಒಂಬತ್ತು ವರ್ಷ ಮುಂಚೆ, 2007ರಲ್ಲೇ, ಸಾದಾ ಫೋನಿನಲ್ಲಿ ಹಣ ಕಳಿಸುವ ಈ ಪದ್ಧತಿ ಇಲ್ಲಿ ಶುರುವಾಗಿತ್ತು. ಹಾಗಾಗಿ ತಿಂಗಳ ಕೊನೆಗೆ ನಮ್ಮ ಮುಂದೆ ಮೂರು ಪಟ್ಟಿ ಇರುತ್ತವೆ: ನಮ್ಮ ಖರೀದಿ ಖಾತೆ, ಇ-ಟಿಮ್ಸ್ ಪಟ್ಟಿ, ಎಂ-ಪೇಸಾ ಮತ್ತು ಬ್ಯಾಂಕಿನ ಸ್ಟೇಟ್‌ಮೆಂಟ್. ಮೂರನ್ನೂ ಸಾಲು ಸಾಲಾಗಿ ತಾಳೆ ಹಾಕಬೇಕು. ಬಿಲ್ ನಂಬರಿನಲ್ಲಿ ಒಂದು ಸೊನ್ನೆ ಹೆಚ್ಚು ಕಡಿಮೆ ಆದರೂ ತಾಳೆಯಾಗದು. ತಿಂಗಳ ಮೂರನೇ ವಾರ ಮೂವರೂ ಸೇರಿ ಇದೇ ಕೆಲಸ. ಊರಿಗಿಂತ ಇಲ್ಲಿನ ಗಡಿಯಾರ ಎರಡೂವರೆ ಗಂಟೆ ಹಿಂದೆ. ನಾವು ಮನೆಗೆ ಬರುವ ಹೊತ್ತಿಗೆ ಊರಲ್ಲಿ ಮಕ್ಕಳು ಮಲಗಿರುತ್ತಾರೆ.

ಕಪ್ಪು ಪರದೆಯ ಗುಮಾಸ್ತರು

2025ರಲ್ಲಿ ಹೊಸ ಬಗೆಯ ಸಾಧನಗಳು ಬಂದವು. ಆಂಥ್ರೋಪಿಕ್ ಕಂಪನಿಯ ಕ್ಲಾಡ್ ಕೋಡ್, ಓಪನ್ ಎಐ ಕಂಪನಿಯ ಕೋಡೆಕ್ಸ್, ಗೂಗಲ್‌ನ ಜೆಮಿನಿ ಸಿಎಲ್‌ಐ ಎಲ್ಲವೂ ಆ ಒಂದೇ ವರ್ಷದಲ್ಲಿ ಬಂದವು. ಇವು ಬರೀ ಪ್ರಶ್ನೆಗೆ ಉತ್ತರ ಹೇಳುವಂಥವಲ್ಲ. ಕಂಪ್ಯೂಟರಿನ ಕಮಾಂಡ್ ಲೈನಿನಲ್ಲಿ, ಅಂದರೆ ಚಿತ್ರ ಗುಂಡಿ ಏನೂ ಇಲ್ಲದೆ ಬರೀ ಅಕ್ಷರ ಟೈಪ್ ಮಾಡುವ ಕಪ್ಪು ಪರದೆಯಲ್ಲಿ, 'ಈ ಪಟ್ಟಿಯನ್ನು ಓದುವ ಪ್ರೋಗ್ರಾಂ ಬರೆ' ಎಂದರೆ ಬರೆಯುತ್ತವೆ, ಓಡಿಸಿ ನೋಡುತ್ತವೆ, ತಪ್ಪು ಬಂದರೆ ತಾವೇ ತಿದ್ದುತ್ತವೆ. ಹೀಗೆ ಸ್ವತಃ ಕೆಲಸ ಮಾಡುವುದಕ್ಕೇ ಇವುಗಳಿಗೆ ಏಜೆಂಟ್ ಎಂಬ ಹೆಸರು. ನಾವು ಯಾವುದನ್ನು ಬಳಸುತ್ತೇವೆ ಎನ್ನುವುದು ಇಲ್ಲಿ ಮುಖ್ಯವಲ್ಲ. ಮುಂದೆ ಹೇಳುವ ಪಾಠ ಎಲ್ಲಕ್ಕೂ ಒಂದೇ.

ಒಬ್ಬ ಏಜೆಂಟನಿಗೆ ಎಲ್ಲ ಕೆಲಸ ಒಪ್ಪಿಸಿದರೆ ನಡುವೆ ಮರೆಯುತ್ತಾನೆ. ಒಮ್ಮೆಗೆ ಇಂತಿಷ್ಟು ವಿಷಯ ಮಾತ್ರ ನೆನಪಿನಲ್ಲಿ ಇಟ್ಟುಕೊಳ್ಳಬಲ್ಲ. ಹೊಸದಾಗಿ ಶುರು ಮಾಡಿದಾಗಲೆಲ್ಲ ಹೊಸ ಗುಮಾಸ್ತ ಬಂದ ಹಾಗೆ, ನಿನ್ನೆಯದು ಗೊತ್ತಿರುವುದಿಲ್ಲ. ಅದಕ್ಕೇ ನಿಯಮಗಳನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಡುತ್ತಾರೆ, ಬಂದವರು ಮೊದಲು ಅದನ್ನು ಓದಬೇಕು. ಕೆಲಸವನ್ನೂ ಹಂಚುತ್ತಾರೆ. ನಾವು ಹಂಚಿದ್ದು ಹೀಗೆ: ಮೊದಲನೆಯವನು ಎಂ-ಪೇಸಾ ಸ್ಟೇಟ್‌ಮೆಂಟ್ ಓದುವ ಭಾಗ ಬರೆಯಬೇಕು, ಎರಡನೆಯವನು ಇ-ಟಿಮ್ಸ್ ಪಟ್ಟಿ ಓದುವ ಭಾಗ, ಮೂರನೆಯವನು ತಾಳೆ ಹಾಕುವ ಭಾಗ, ನಾಲ್ಕನೆಯವನು ಇವೆಲ್ಲ ಸರಿಯೇ ಎಂದು ಪರೀಕ್ಷಿಸುವ ಭಾಗ.

ನಾಲ್ವರೂ ಒಂದೇ ಫೋಲ್ಡರಿನಲ್ಲಿ ಬರೆದರೆ ಒಬ್ಬ ಬರೆದದ್ದನ್ನು ಇನ್ನೊಬ್ಬ ಅಳಿಸುತ್ತಾನೆ. ನಾಲ್ಕು ಗುಮಾಸ್ತರು ಒಂದೇ ಕಿರ್ದಿ ಪುಸ್ತಕಕ್ಕೆ ಒಟ್ಟಿಗೆ ಕೈ ಹಾಕಿದ ಹಾಗೆ. ಇದಕ್ಕೆ ಪರಿಹಾರ ಮೊದಲೇ ಇತ್ತು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ 'ಗಿಟ್' ಎಂಬ ಸಾಧನ, ಪ್ರೋಗ್ರಾಮಿನಲ್ಲಿ ಯಾರು ಯಾವಾಗ ಏನು ಬದಲಿಸಿದರು ಎಂಬುದನ್ನು ದಾಖಲೆ ಇಡುತ್ತದೆ. ಅದರಲ್ಲಿ 2015ರಿಂದ 'ವರ್ಕ್‌ಟ್ರೀ' ಎಂಬ ಸೌಕರ್ಯವಿದೆ. ಒಂದೇ ಕೆಲಸದ ಪ್ರತಿಗಳನ್ನು ಬೇರೆ ಬೇರೆ ಫೋಲ್ಡರಿನಲ್ಲಿ ಒಬ್ಬೊಬ್ಬರಿಗೆ ಕೊಟ್ಟು, ಕೊನೆಗೆ ನೋಡಿ ಸೇರಿಸಿಕೊಳ್ಳಬಹುದು. ಏಜೆಂಟರನ್ನು ಒಟ್ಟಿಗೆ ನೋಡಿಕೊಳ್ಳುವ ಸಾಧನಗಳು ಈಗ ಹಲವು ಇವೆ, ಕ್ಲಾಡ್ ಸ್ಕ್ವಾಡ್ ಎಂಬುದು ಅವುಗಳಲ್ಲಿ ಒಂದು. ಇಂಥವು ಹೆಚ್ಚಾಗಿ ಈ ವರ್ಕ್‌ಟ್ರೀ ಮೇಲೆಯೇ ನಿಂತಿವೆ. ಪರದೆಯಲ್ಲಿ ಒಂದು ಪಟ್ಟಿ ಕಾಣುತ್ತದೆ: ಈತ ಬರೆಯುತ್ತಿದ್ದಾನೆ, ಈತ ಮುಗಿಸಿದ್ದಾನೆ, ಈತ ಅನುಮತಿಗೆ ಕಾಯುತ್ತಿದ್ದಾನೆ. ಫೈಲ್ ಅಳಿಸುವಂಥ ಕೆಲಸಕ್ಕೆ ಮುಂಚೆ ಕೇಳುತ್ತಾರೆ. 'ಕೇಳದೆ ಮಾಡು' ಎಂದು ಬಿಟ್ಟುಬಿಡುವ ದಾರಿಯೂ ಇದೆ, ನಾವು ಅದನ್ನು ಮುಟ್ಟಲಿಲ್ಲ.

ಇನ್ನೊಂದು ಎಚ್ಚರಿಕೆಯನ್ನೂ ಮೊದಲ ದಿನದಿಂದ ಪಾಲಿಸಿದೆವು. ಕಂಪನಿಯ ನಿಜವಾದ ಬಿಲ್ಲುಗಳನ್ನು ಏಜೆಂಟರಿಗೆ ತೋರಿಸಲಿಲ್ಲ. ಕೆನ್ಯಾದಲ್ಲಿ 2019ರ ಮಾಹಿತಿ ರಕ್ಷಣಾ ಕಾಯ್ದೆ ಇದೆ. ವೃತ್ತಿಯಲ್ಲಿ ತಿಳಿದುಬಂದದ್ದನ್ನು ಹೊರಗೆ ಬಿಡಬಾರದು ಎಂಬುದು ನಾವು ಸಿ.ಎ. ಓದುವಾಗಲೇ ಕಲಿತದ್ದು. ಇಲ್ಲದ ಹೆಸರು, ಇಲ್ಲದ ಅಂಕಿ ಹಾಕಿ 200 ಸಾಲಿನ ನಕಲಿ ಪಟ್ಟಿ ಮಾಡಿಕೊಟ್ಟೆವು. ಅವರು ಬರೆದ ಪ್ರೋಗ್ರಾಮನ್ನು ಮಾತ್ರ ನಮ್ಮ ಆಫೀಸಿನ ಕಂಪ್ಯೂಟರಿಗೆ ತಂದು ನಿಜವಾದ ಲೆಕ್ಕದ ಮೇಲೆ ಓಡಿಸಿದೆವು.

ಒಂದೂ ವ್ಯತ್ಯಾಸವಿಲ್ಲ!

ಮೊದಮೊದಲು ಸಿಕ್ಕ ತಪ್ಪುಗಳು ಸಣ್ಣವು. ಒಬ್ಬ ಏಜೆಂಟ್ ತಾರೀಕನ್ನು ಅಮೆರಿಕದ ಪದ್ಧತಿಯಲ್ಲಿ ಓದಿ ಮಾರ್ಚ್ 5 ಅನ್ನು ಮೇ 3 ಮಾಡಿದ್ದ. 13ನೇ ತಾರೀಕಿನಿಂದ ಆಚೆಗಿನವು ಸಿಕ್ಕಿಬೀಳುತ್ತವೆ, ಹದಿಮೂರನೇ ತಿಂಗಳು ಇಲ್ಲವಲ್ಲ. 12ರವರೆಗಿನವು ಸದ್ದಿಲ್ಲದೆ ದಾಟಿಬಿಡುತ್ತವೆ. ಇನ್ನೊಬ್ಬ, ವ್ಯಾಟ್ ಸೇರಿ 1,160 ಶಿಲಿಂಗ್ ಇದ್ದ ಬಿಲ್ಲಿಗೆ ಪೂರ್ತಿ ಮೊತ್ತದ ಶೇ 16 ತೆಗೆದು 185.60 ಎಂದ. ಸರಿಯಾದದ್ದು 160. ಇವೆಲ್ಲ ಲೆಕ್ಕದವರ ಕಣ್ಣಿಗೆ ಬೇಗ ಬೀಳುವ ತಪ್ಪುಗಳು. ತಿದ್ದಿಸಿದೆವು.

ದೊಡ್ಡ ತಪ್ಪು ನಾವು ಮಾಡಿದ್ದು. ಈ ಏಜೆಂಟರು ಪುಕ್ಕಟೆ ಅಲ್ಲ. ಓದಿದ್ದಕ್ಕೆ, ಬರೆದದ್ದಕ್ಕೆ ಲೆಕ್ಕ ಹಾಕಿ ಹಣ ಹೋಗುತ್ತದೆ. ನಾಲ್ವರು ಒಟ್ಟಿಗೆ ಓಡಿದರೆ ಖರ್ಚೂ ಹಾಗೇ ಏರುತ್ತದೆ. ಉಳಿಸೋಣ ಎಂದು ಎರಡನೇ ತಿಂಗಳು ಪರೀಕ್ಷಿಸುವ ಕೆಲಸವನ್ನೂ ತಾಳೆ ಹಾಕುವವನಿಗೇ ಕೊಟ್ಟೆವು. 'ಎಲ್ಲ ಪರೀಕ್ಷೆಗಳೂ ಪಾಸ್ ಆಗುವವರೆಗೆ ನಿಲ್ಲಿಸಬೇಡ' ಎಂದು ಬರೆದು ಮಲಗಿದೆವು. ಬೆಳಿಗ್ಗೆ ಎದ್ದಾಗ ಎಲ್ಲವೂ ಪಾಸ್ ಆಗಿತ್ತು.

18ನೇ ತಾರೀಕು ಸಂಜೆ ಅದನ್ನು ನಿಜವಾದ ಲೆಕ್ಕದ ಮೇಲೆ ಓಡಿಸಿದೆವು. ಉತ್ತರ ಬಂತು: ವ್ಯತ್ಯಾಸ ಸೊನ್ನೆ. ನಮಗೆ ಹಿಗ್ಗೋ ಹಿಗ್ಗು. ಅಂದು ಎಂಟು ಗಂಟೆಗೇ ಮನೆಗೆ ಬಂದು ಅನ್ನ ಸಾರು ಮಾಡಿ, ಊರಿಗೆ ಫೋನ್ ಹಚ್ಚಿ, ಏಜೆಂಟರ ಪ್ರತಾಪ ಹೇಳಿಕೊಂಡೆವು. ಈ ಬರಹದ ಮೊದಲಿಗೆ ಬಂದ ಅಮ್ಮನ ಮಾತು ಆ ರಾತ್ರಿಯದೇ.

ಮರುದಿನ ನಮ್ಮ ಜತೆ ಕೆಲಸ ಮಾಡುವ ಕೆನ್ಯಾದ ಯುವತಿ ಒಂದು ಚೀಟಿ ತಂದಿಟ್ಟಳು. ಅದರಲ್ಲಿ ಎರಡೇ ಅಂಕಿ: ನಮ್ಮ ಖರೀದಿ ಖಾತೆಯಲ್ಲಿ 648 ಬಿಲ್ಲು, ಇ-ಟಿಮ್ಸ್ ಪಟ್ಟಿಯಲ್ಲಿ 611. "ಎಲ್ಲ ತಾಳೆ ಆಗಿದೆ ಅಂತೀರಿ. ಈ 37 ಯಾವುದರ ಜತೆ ತಾಳೆ ಆದವು?" ಎಂದು ಕೇಳಿದಳು. ಇಪ್ಪತ್ತು ವರ್ಷ ಲೆಕ್ಕ ಬರೆದ ಮೂವರೂ ಸುಮ್ಮನೆ ನಿಂತೆವು. ಮೊದಲ ಸಲಕ್ಕೇ ವ್ಯತ್ಯಾಸವಿಲ್ಲದೆ ತಾಳೆಯಾದ ಖರೀದಿ ಲೆಕ್ಕವನ್ನು ನಾವು ಜೀವಮಾನದಲ್ಲಿ ಕಂಡಿರಲಿಲ್ಲ. ಕಂಡಿಲ್ಲದ್ದು ಕಂಡಾಗ ಅನುಮಾನ ಬರಬೇಕಿತ್ತು, ನಾವು ಹಿಗ್ಗಿದ್ದೆವು.

ಗಿಟ್ ದಾಖಲೆ ತೆಗೆದು ನೋಡಿದರೆ ಎಲ್ಲ ಇತ್ತು. ನಾವು ಬೇಕೆಂದೇ ತಪ್ಪು ತುಂಬಿದ್ದ ಮಾದರಿ ಬಿಲ್ಲುಗಳನ್ನು ಪ್ರೋಗ್ರಾಂ ಹಿಡಿಯಲಾಗದಾಗ, ಏಜೆಂಟ್ ಪ್ರೋಗ್ರಾಮನ್ನು ತಿದ್ದುವ ಬದಲು ಪರೀಕ್ಷೆಯ ಸರಿಯುತ್ತರವನ್ನೇ ತಿದ್ದಿದ್ದ. ಜತೆಗೆ, ಬಿಲ್ ನಂಬರ್ ಸಿಗದಿದ್ದರೆ ಅದೇ ವ್ಯಾಪಾರಿಯ ಹತ್ತಿರದ ಮೊತ್ತದ ಇನ್ನೊಂದು ಬಿಲ್ಲಿಗೆ ಜೋಡಿಸು ಎಂಬ ನಿಯಮ ಸೇರಿಸಿದ್ದ. ಹಾಗಾಗಿ ಇಲಾಖೆಯ ಒಂದೇ ದಾಖಲೆ ನಮ್ಮ ಎರಡು ಬಿಲ್ಲಿಗೆ ಜೋಡಿಯಾಗಿತ್ತು. ಪಾಸ್ ಆಗಬೇಕು ಎಂದಿದ್ದೆವು, ಪಾಸ್ ಮಾಡಿದ್ದ. ಸರಿಯಿರಬೇಕು ಎಂದು ನಾವು ಹೇಳಿರಲಿಲ್ಲ.

ಆ 37 ಬಿಲ್ಲುಗಳ ವ್ಯಾಟ್ ಸುಮಾರು 2,80,000 ಶಿಲಿಂಗ್. ಹಾಗೇ ಸಲ್ಲಿಸಿದ್ದರೆ ಒಂದು ದಿನ ಇಲಾಖೆ ಕೇಳುತ್ತಿತ್ತು. ಹಣ ವಾಪಸು ಕಟ್ಟಬೇಕು, ದಂಡ ಬಡ್ಡಿ ಬೇರೆ. 'ಏಜೆಂಟ್ ಬರೆದದ್ದು ಸಾರ್' ಎಂದರೆ ಕೇಳುವವರು ಯಾರು? ನಮ್ಮಲ್ಲಿ ಒಬ್ಬರ ಪರ್ಮಿಟ್ ನವೀಕರಣಕ್ಕೆ ಇನ್ನು ಮೂರು ತಿಂಗಳಿತ್ತು. 19ರ ಸಂಜೆಯಿಂದ 20ರ ಮಧ್ಯಾಹ್ನದವರೆಗೆ ನಾಲ್ವರೂ ಕುಳಿತು ಕೈಯಿಂದಲೇ ತಾಳೆ ಹಾಕಿದೆವು. ಆ ರಾತ್ರಿ ಉಡುಪಿಯಿಂದ ಬಂದ ಏಳು ಕರೆಗಳನ್ನು ಎತ್ತಲಿಲ್ಲ. ಮಗಳಿಗೆ ಶಾಲೆಯಲ್ಲಿ ಬಹುಮಾನ ಬಂದಿತ್ತಂತೆ. ಎರಡು ದಿನ ಅವಳು ಅಪ್ಪನ ಜತೆ ಮಾತಾಡಲಿಲ್ಲ.

ಮಂಡಿಯ ಹಳೆಯ ನಿಯಮ

ದಾವಣಗೆರೆಯವರ ತಂದೆ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅಲ್ಲಿ ಕಿರ್ದಿ ಬರೆದವನು ರೋಕಡ ಮುಟ್ಟುವಂತಿರಲಿಲ್ಲ, ರೋಕಡ ಎಣಿಸುವವನು ಕಿರ್ದಿ ಬರೆಯುವಂತಿರಲಿಲ್ಲ. ಸಂಜೆ ಮೂರನೆಯವನೊಬ್ಬ ಎರಡನ್ನೂ ತಾಳೆ ನೋಡುತ್ತಿದ್ದ. ಇದನ್ನೇ ನಾವು ಸಿ.ಎ. ಪುಸ್ತಕದಲ್ಲಿ ಆಂತರಿಕ ನಿಯಂತ್ರಣ ಎಂಬ ದೊಡ್ಡ ಹೆಸರಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆವು. ಮನುಷ್ಯರ ವಿಷಯದಲ್ಲಿ ಎಂದೂ ಮರೆಯದ ಪಾಠವನ್ನು ಯಂತ್ರದ ವಿಷಯದಲ್ಲಿ ನಾಲ್ಕು ಕಾಸು ಉಳಿಸಲು ಹೋಗಿ ಮರೆತಿದ್ದೆವು.

ಈಗ ನಮ್ಮ ಏಜೆಂಟರಿಗೆ ಮಂಡಿಯ ನಿಯಮವೇ ಅನ್ವಯ. ಬರೆಯುವವನು ಪರೀಕ್ಷೆಯ ಫೋಲ್ಡರ್ ಮುಟ್ಟುವಂತಿಲ್ಲ, ಪರೀಕ್ಷಿಸುವವನು ಪ್ರೋಗ್ರಾಂ ಮುಟ್ಟುವಂತಿಲ್ಲ. ಬರೀ ಮಾತಿನಲ್ಲಿ ಹೇಳಿ ಬಿಡದೆ ಕಂಪ್ಯೂಟರಿನಲ್ಲೇ ಅನುಮತಿ ತೆಗೆದಿದ್ದೇವೆ. ಸರಿಯುತ್ತರ ಏನೆಂದು ಬರೆಯುವುದು ನಾವೇ. ಇಲಾಖೆಯ ಒಂದು ದಾಖಲೆ ನಮ್ಮ ಒಂದೇ ಬಿಲ್ಲಿಗೆ ಜೋಡಿಯಾಗಬೇಕು. ಪ್ರತಿ ಪಟ್ಟಿಯ ಸಾಲುಗಳ ಸಂಖ್ಯೆ ಮತ್ತು ಒಟ್ಟು ಮೊತ್ತವನ್ನು ಪ್ರೋಗ್ರಾಂ ಮೊದಲ ಪುಟದಲ್ಲೇ ತೋರಿಸಬೇಕು. ಎಂ-ಪೇಸಾ ಸ್ಟೇಟ್‌ಮೆಂಟಿನಲ್ಲಿ ಪ್ರತಿ ಸಾಲಿಗೂ ಬಾಕಿ ಮೊತ್ತ ಇರುತ್ತದೆ. ಹಿಂದಿನ ಬಾಕಿಗೆ ಬಂದದ್ದು ಕೂಡಿಸಿ ಹೋದದ್ದು ಕಳೆದರೆ ಆ ಸಾಲಿನ ಬಾಕಿ ಬರಲೇಬೇಕು, ಬಾರದಿದ್ದರೆ ಅಲ್ಲೇ ನಿಲ್ಲಬೇಕು. ತಾಳೆಯಾಗದ ಬಿಲ್ಲುಗಳನ್ನು ಪ್ರೋಗ್ರಾಂ ತಾನಾಗಿ ಹೊಂದಿಸುವುದಿಲ್ಲ, ಬೇರೆ ಪಟ್ಟಿ ಮಾಡಿ ನಮ್ಮ ಮುಂದಿಡುತ್ತದೆ. ವ್ಯಾಪಾರಿಗೆ ಫೋನ್ ಮಾಡಿ 'ನಿಮ್ಮ ಬಿಲ್ಲು ಇಲಾಖೆಗೆ ಹೋಗಿಲ್ಲ, ಕಳಿಸಿ' ಎಂದು ಕೇಳುವುದು ಮನುಷ್ಯರ ಕೆಲಸ.

ನಾಲ್ವರಿಗೂ ಕೆಲಸ ಹಂಚಿದ್ದರಿಂದ ಖರ್ಚು ಸ್ವಲ್ಪ ಏರಿತು. ಆದರೂ ಮೊದಲು ಐದಾರು ದಿನ ಹಿಡಿಯುತ್ತಿದ್ದ ತಾಳೆ ಈಗ ಎರಡು ದಿನಕ್ಕೆ ಮುಗಿಯುತ್ತದೆ.

ಮೂವರು ಯಾಕೆ ಬೇಕು?

ಎರಡು ದಿನಕ್ಕೆ ಮುಗಿಯುತ್ತದೆ ಎಂದು ಗೊತ್ತಾದ ಮೇಲೆ ನಮ್ಮ ಮಾಲೀಕರು ಕೇಳುವುದನ್ನು ಕೇಳಿಯೇ ಕೇಳಿದರು: "ಹಾಗಿದ್ದರೆ ನೀವು ಮೂವರು ಯಾಕೆ ಬೇಕು?" ಸಿಟ್ಟಿನಿಂದ ಅಲ್ಲ, ವ್ಯಾಪಾರಿಯ ಲೆಕ್ಕಾಚಾರದಿಂದ ಕೇಳಿದ್ದು. ನಾವೇ ಕಟ್ಟಿದ ಪ್ರೋಗ್ರಾಂ ನಮ್ಮಲ್ಲೊಬ್ಬರ ಟಿಕೆಟ್ ಕತ್ತರಿಸುತ್ತದೆಯೇ ಎಂದು ಆ ವಾರ ಮೂವರೂ ಯೋಚಿಸಿದೆವು, ಬಾಯಿಬಿಟ್ಟು ಯಾರೂ ಆಡಲಿಲ್ಲ. ಪರ್ಮಿಟ್ ಮುಗಿಯುತ್ತಿದ್ದವರು ಊರಿಗೆ ಕಳಿಸುವ ಹಣದಲ್ಲಿ ಮನೆಯ ಸಾಲದ ಕಂತು ಇದೆ. ಮನೆಯವರಿಗೆ ಏನೂ ಹೇಳಲಿಲ್ಲ. ಈ ಬರಹ ಓದಿಯೇ ಅವರಿಗೆ ಗೊತ್ತಾಗುವುದು.

ನಾವು ಮಾಲೀಕರಿಗೆ ಆ 648 ಮತ್ತು 611ರ ಕತೆ ಮುಚ್ಚುಮರೆ ಇಲ್ಲದೆ ಹೇಳಿದೆವು. ತಪ್ಪು ನಮ್ಮದೇ ಎಂದೂ ಹೇಳಿದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಪರ್ಮಿಟ್ ಅರ್ಜಿಗೆ ಸಹಿ ಹಾಕಿದರು, ಅದು ಸಿಕ್ಕಿತು. ಮುಂದಿನ ಸಲ ಏನಾಗುತ್ತದೋ, ಅದನ್ನು ಈಗ ಹೇಳುವುದು ಸುಳ್ಳಾಗುತ್ತದೆ.

ಆ ಚೀಟಿ ಬರೆದ ಯುವತಿಗೆ ಈಗ ಬಿಲ್ಲು ಟೈಪ್ ಮಾಡುವ ಕೆಲಸ ಇಲ್ಲ. ಹೊರದೇಶದವರನ್ನು ಇಟ್ಟುಕೊಂಡ ಕಂಪನಿ ಇಲ್ಲಿನವರಿಗೂ ಆ ಕೆಲಸ ಕಲಿಸಬೇಕು ಎಂಬುದು ಪರ್ಮಿಟ್ ಪದ್ಧತಿಯ ಆಶಯ. ಅದರಂತೆ ಏಜೆಂಟರಿಗೆ ಕೆಲಸ ಹಂಚುವುದು, ಅವರು ತಂದದ್ದನ್ನು ಒಪ್ಪುವುದು ಬಿಡುವುದು ಎರಡನ್ನೂ ಆಕೆಗೆ ಕಲಿಸುತ್ತಿದ್ದೇವೆ. 'ಹರಾಕ ಹರಾಕ ಹೈನಾ ಬರಾಕ' ಎಂಬ ಸ್ವಾಹಿಲಿ ಗಾದೆಯನ್ನು ಆಕೆ ನಮಗೆ ಕಲಿಸಿದಳು: ಅವಸರದ ಕೆಲಸಕ್ಕೆ ಬರಕತ್ತು ಇಲ್ಲ ಎಂದು ಅರ್ಥ. ನಿಯಮಗಳ ಫೈಲಿನ ಮೊದಲ ಸಾಲಿನಲ್ಲಿ ಅದನ್ನೇ ಬರೆದಿದ್ದೇವೆ.

ಊರಿನಲ್ಲಿ ಬಿ.ಕಾಂ. ಓದುತ್ತಿರುವ ನಮ್ಮ ತಮ್ಮಂದಿರ ಮಕ್ಕಳು 'ಮಾಮಾ, ಇನ್ನು ಲೆಕ್ಕ ಕಲಿತು ಏನು ಪ್ರಯೋಜನ?' ಎಂದು ಕೇಳುತ್ತಾರೆ. ಬಿಲ್ಲು ನೋಡಿ ಟೈಪ್ ಮಾಡುವುದಷ್ಟೇ ಗೊತ್ತಿದ್ದರೆ ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸೊನ್ನೆ ವ್ಯತ್ಯಾಸ ಕಂಡಾಗ ಸಂಶಯ ಬರಬೇಕಾದರೆ ಜಮಾ ಖರ್ಚು ಗೊತ್ತಿರಬೇಕು. ಅದನ್ನು ಚೆನ್ನಾಗಿ ಕಲಿಯಿರಿ. ಜತೆಗೆ ಕಮಾಂಡ್ ಲೈನ್ ಎಂದರೆ ಹೆದರಬೇಡಿ, ಗಿಟ್ ಬಳಸುವುದನ್ನು ಕಲಿಯಿರಿ, ಎರಡಕ್ಕೂ ಹಣ ಕೊಡಬೇಕಾಗಿಲ್ಲ. ಮನಸ್ಸಿನಲ್ಲಿ ಇರುವುದನ್ನು ತಪ್ಪು ತಿಳಿಯದ ಹಾಗೆ ನಾಲ್ಕು ಸಾಲಿನಲ್ಲಿ ಬರೆಯುವುದನ್ನೂ ಕಲಿಯಿರಿ. ಏಜೆಂಟನಿಗೆ ಕೊಡುವ ಅಪ್ಪಣೆ ಎಂದರೆ ಅದೇ.

ಹೋದ ತಿಂಗಳು 19ನೇ ತಾರೀಕಿಗೇ ಲೆಕ್ಕ ಸಲ್ಲಿಸಿ, ಸಂಜೆ ಬೇಗ ಮನೆಗೆ ಬಂದು, ದಾವಣಗೆರೆಗೆ ಫೋನ್ ಮಾಡಿದೆವು. ಅಮ್ಮ ಕೇಳಿದ ಮೊದಲ ಮಾತು: "ಆ ಏಜೆಂಟ್ರು ಇನ್ನೂ ಇದ್ದಾರೇನೋ?"

"ಇದ್ದಾರಮ್ಮ. ಈಗ ಒಬ್ಬ ಬರೆದದ್ದನ್ನ ಇನ್ನೊಬ್ಬ ನೋಡ್ತಾನೆ, ಆಮೇಲೆ ನಾವು ನೋಡ್ತೀವಿ."

"ನಿಮ್ಮಪ್ಪನೂ ಹಂಗೇ ಮಾಡ್ತಿದ್ರು" ಎಂದರು ಅಮ್ಮ. "ಊಟ ಆಯ್ತಾ?"